ಸಿರೋಸಿಸ್‌ಗೆ ಆಂಟಿಆಕ್ಸಿಡೆಂಟ್: ಒಂದು ವಾದದ ಪರಿಶೀಲನೆ

ಕುಷ್ಟಗಿ, ಯಲಬುರ್ಗಾ ಭಾಗದ ದಾಳಿಂಬೆ ತೋಟಗಳನ್ನು ನೀವು ನೋಡಿರಬಹುದು. ಆ ಹಣ್ಣಿನ ಗುಣ ಹೇಳುವವರು ಈಗ 'ಆಂಟಿಆಕ್ಸಿಡೆಂಟ್' ಎಂಬ ಮಾತನ್ನು ತಪ್ಪದೆ ಸೇರಿಸುತ್ತಾರೆ. 'ಲಿವರ್ ಟಾನಿಕ್'ಗಳ ಪ್ರಚಾರದಲ್ಲೂ ಇದೇ ಮಾತು. ವಾದ ಹೀಗಿದೆ: ಯಕೃತ್ತು ನಾರುಗಟ್ಟುವ ಸಿರೋಸಿಸ್ ರೋಗದಲ್ಲಿ ಉತ್ಕರ್ಷಣದಿಂದ ಹಾನಿಯಾಗುತ್ತದೆ, ಆಂಟಿಆಕ್ಸಿಡೆಂಟ್ ಉತ್ಕರ್ಷಣವನ್ನು ತಡೆಯುತ್ತದೆ, ಆದ್ದರಿಂದ ಅದನ್ನು ಸೇವಿಸಿದರೆ ರೋಗ ಇಳಿಯುತ್ತದೆ. ಮೊದಲೆರಡು ಹೇಳಿಕೆಗಳಲ್ಲಿ ಸತ್ಯಾಂಶವಿದೆ. ಆದರೆ ಮೂರನೆಯದು ಅವುಗಳಿಂದ ತಾನಾಗಿ ಬರುತ್ತದೆಯೇ?

ಒತ್ತಡದ ಲೆಕ್ಕ

ಕರುಳಿನ ರಕ್ತ ಪೋರ್ಟಲ್ ಅಭಿಧಮನಿಯ ಮೂಲಕ ಯಕೃತ್ತನ್ನು ಸೇರುತ್ತದೆ. ಸಿರೋಸಿಸ್‌ನಲ್ಲಿ ಯಕೃತ್ತಿನೊಳಗಿನ ಸೂಕ್ಷ್ಮನಾಳಗಳು ಕಿರಿದಾಗಿ, ಹರಿವಿಗೆ ಪ್ರತಿರೋಧ ಏರುತ್ತದೆ. ಓಮ್ ನಿಯಮವನ್ನು ನೆನಪಿಸಿಕೊಳ್ಳಿ. ಇಲ್ಲಿ ವಿಭವಾಂತರದ ಜಾಗದಲ್ಲಿ ಒತ್ತಡದ ವ್ಯತ್ಯಾಸವಿದೆ. ಅದು ಹರಿವು ಮತ್ತು ಪ್ರತಿರೋಧಗಳ ಗುಣಲಬ್ಧ. ಪ್ವಾಸ್ಯೂ ನಿಯಮದಂತೆ ಪ್ರತಿರೋಧವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ತ್ರಿಜ್ಯ ಶೇ. 10ರಷ್ಟು ಕುಗ್ಗಿದರೆ ಪ್ರತಿರೋಧ ಸುಮಾರು ಒಂದೂವರೆ ಪಟ್ಟಾಗುತ್ತದೆ. ರಕ್ತಕ್ಕೆ ಈ ನಿಯಮ ಅಂದಾಜಿಗಷ್ಟೇ ಅನ್ವಯಿಸಿದರೂ ವಿಷಯದ ಗಂಭೀರತೆ ತಿಳಿಯಲು ಇಷ್ಟು ಸಾಕು.

ಆರೋಗ್ಯವಂತರಲ್ಲಿ ಈ ಒತ್ತಡ ವ್ಯತ್ಯಾಸ 1ರಿಂದ 5 ಮಿ.ಮೀ. ಪಾದರಸದಷ್ಟು. ಅದು 10 ಮುಟ್ಟಿದರೆ ಜಲೋದರದಂಥ ತೊಡಕುಗಳ ಭಯವಿದೆ. 12 ದಾಟಿದರೆ ಅನ್ನನಾಳದಲ್ಲಿ ಉಬ್ಬಿದ ಅಭಿಧಮನಿಗಳು ಒಡೆದು ರಕ್ತವಾಂತಿಯಾಗಬಹುದು, ಪ್ರಾಣವೂ ಹೋಗಬಹುದು. ಆದ್ದರಿಂದ ಯಾವುದೇ ಔಷಧಿಯ ಬಗ್ಗೆ ನಾವು ಕೇಳಬೇಕಾದುದು ಎರಡೇ ಪ್ರಶ್ನೆ: ಅದು ಈ ಒತ್ತಡವನ್ನು ಇಳಿಸಿತೇ? ತೊಡಕನ್ನು ತಪ್ಪಿಸಿತೇ?

ವಾದದಲ್ಲಿರುವ ಸತ್ಯ

ರಕ್ತನಾಳಗಳನ್ನು ಸಡಿಲಿಸುವ ಅಣು ನೈಟ್ರಿಕ್ ಆಕ್ಸೈಡ್. ಇದರ ಶೋಧಕ್ಕೆ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ 1998ರ ನೊಬೆಲ್ ಪ್ರಶಸ್ತಿ ಪಡೆದರು. ಸಿರೋಸಿಸ್ ಇರುವ ಯಕೃತ್ತಿನಲ್ಲಿ ಸೂಪರ್‌ಆಕ್ಸೈಡ್ ಹೆಚ್ಚಾಗಿ, ನೈಟ್ರಿಕ್ ಆಕ್ಸೈಡನ್ನು ಕಬಳಿಸುತ್ತದೆ. ನಾಳಗಳು ಬಿಗಿಯುತ್ತವೆ. 2006ರಲ್ಲಿ ಪ್ರಕಟವಾದ ಬಾರ್ಸಿಲೋನಾದ ಪ್ರಯೋಗವೊಂದರಲ್ಲಿ 3 ಗ್ರಾಂ ವಿಟಮಿನ್ 'ಸಿ'ಯನ್ನು ರೋಗಿಗಳ ರಕ್ತನಾಳಕ್ಕೆ ನೇರವಾಗಿ ಕೊಟ್ಟರು. ಊಟದ ನಂತರ ಈ ಒತ್ತಡ ಏರುವುದು ಸಹಜ. ವಿಟಮಿನ್ ಪಡೆದವರಲ್ಲಿ ಆ ಏರಿಕೆ ಗಣನೀಯವಾಗಿ ಕಡಿಮೆಯಾಗಿತ್ತು.

ಎಲ್ಲಿ ಎಡವುತ್ತದೆ?

ಈ ಪ್ರಯೋಗವನ್ನೇ ಹಿಡಿದು ಮಾತ್ರೆಯನ್ನೋ ಹಣ್ಣಿನ ರಸವನ್ನೋ ಸಮರ್ಥಿಸುವುದು ಸರಿಯಲ್ಲ. ಅಲ್ಲಿ ಅಳೆದದ್ದು ಒಂದು ಊಟದ ನಂತರದ ಕೆಲವು ನಿಮಿಷಗಳ ಒತ್ತಡವನ್ನು. ರಕ್ತಸ್ರಾವವನ್ನಲ್ಲ, ಬದುಕುಳಿದವರ ಸಂಖ್ಯೆಯನ್ನೂ ಅಲ್ಲ.

ಎರಡನೆಯದಾಗಿ, ಸೂಪರ್‌ಆಕ್ಸೈಡ್ ವಿಟಮಿನ್ 'ಸಿ'ಯೊಡನೆ ವರ್ತಿಸುವ ವೇಗಕ್ಕಿಂತ ನೈಟ್ರಿಕ್ ಆಕ್ಸೈಡಿನೊಡನೆ ವರ್ತಿಸುವ ವೇಗದ ಸ್ಥಿರಾಂಕ ಹತ್ತು ಸಾವಿರ ಪಟ್ಟಿಗೂ ಹೆಚ್ಚು. ಈ ಪೈಪೋಟಿಯಲ್ಲಿ ವಿಟಮಿನ್ ಗೆಲ್ಲಬೇಕಾದರೆ ಅದರ ಸಾಂದ್ರತೆ ಬಹಳ ಹೆಚ್ಚಿರಬೇಕು. ಬಾಯಿಯಿಂದ ಎಷ್ಟೇ ಸೇವಿಸಿದರೂ ಕರುಳು ಹೀರುವುದಕ್ಕೆ ಮಿತಿಯಿದೆ. ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಹಾಕುತ್ತದೆ.

ಮೂರನೆಯ ತೊಡಕು ಇನ್ನೂ ಸ್ವಾರಸ್ಯಕರ. ಯಕೃತ್ತಿನೊಳಗೆ ಕೊರತೆಯಿರುವ ಇದೇ ನೈಟ್ರಿಕ್ ಆಕ್ಸೈಡ್ ಕರುಳಿನ ನಾಳಗಳಲ್ಲಿ ಅತಿಯಾಗಿರುತ್ತದೆ. ಅಲ್ಲಿ ನಾಳಗಳು ಹಿಗ್ಗಿ ಪೋರ್ಟಲ್ ಹರಿವು ಹೆಚ್ಚುತ್ತದೆ. ಎಲ್ಲೆಡೆ ಅದನ್ನು ಹೆಚ್ಚಿಸಿದರೆ ಪ್ರತಿರೋಧ ಇಳಿದರೂ ಹರಿವು ಏರಬಹುದು. ಗುಣಲಬ್ಧ ಇಳಿಯುತ್ತದೆಂಬ ಭರವಸೆ ಎಲ್ಲಿ?

ಪ್ರನಾಳದಲ್ಲಿ ಅಳೆದ 'ಆಂಟಿಆಕ್ಸಿಡೆಂಟ್ ಸಾಮರ್ಥ್ಯ'ದ ಅಂಕಿಗಳಿಗೂ ಇದೇ ಮಾತು ಸಲ್ಲುತ್ತದೆ. ಅಂಥ 'ಓರಾಕ್' ಅಂಕಿಗಳ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಹಿಂತೆಗೆದುಕೊಂಡಿತು. ದೇಹದೊಳಗಿನ ಪರಿಣಾಮವನ್ನು ಅವು ಹೇಳುವುದಿಲ್ಲ ಎಂಬುದೇ ಕಾರಣ. ಯಕೃತ್ತಿನ ರೋಗಿಗಳ ಮೇಲೆ ನಡೆದ 20 ಪ್ರಯೋಗಗಳನ್ನು 2011ರಲ್ಲಿ ಕಾಕ್ರೇನ್ ಸಮೀಕ್ಷೆ ಒಟ್ಟಾಗಿ ಪರಿಶೀಲಿಸಿತು. ಆಂಟಿಆಕ್ಸಿಡೆಂಟ್ ಪೂರಕಗಳನ್ನು ಸಮರ್ಥಿಸುವ ಆಧಾರ ಅದಕ್ಕೆ ಸಿಗಲಿಲ್ಲ. ಅಲ್ಲಗಳೆಯುವ ಆಧಾರವೂ ಸಿಗಲಿಲ್ಲ.

ಹೋಲಿಕೆಗೆ ಇನ್ನೊಂದನ್ನು ನೋಡಿ. 2019ರಲ್ಲಿ ಪ್ರಕಟವಾದ ಸ್ಪೇನಿನ ಪ್ರಯೋಗದಲ್ಲಿ 201 ರೋಗಿಗಳಿಗೆ ಬೀಟಾ ತಡೆ ಔಷಧಿಯನ್ನೋ ಹುಸಿಮಾತ್ರೆಯನ್ನೋ ಕೊಟ್ಟು ಸುಮಾರು ಮೂರು ವರ್ಷ ಗಮನಿಸಿದರು. ಜಲೋದರ, ರಕ್ತಸ್ರಾವದಂಥ ತೊಡಕು ಅಥವಾ ಸಾವು ಹುಸಿಮಾತ್ರೆ ಪಡೆದವರಲ್ಲಿ ಶೇ. 27, ಔಷಧಿ ಪಡೆದವರಲ್ಲಿ ಶೇ. 16. ಪುರಾವೆ ಎಂದರೆ ಇದು.

ದಾಳಿಂಬೆ ಒಳ್ಳೆಯ ಹಣ್ಣು. ತಿನ್ನಬೇಡಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ರಸ ಕುಡಿದೆವೆಂಬ ಧೈರ್ಯದಲ್ಲಿ ಎಂಡೊಸ್ಕೋಪಿಯನ್ನು ಮುಂದೂಡುವುದು, ಕುಡಿತ ಮುಂದುವರಿಸುವುದು ಅಪಾಯ. ಕೊಪ್ಪಳ, ಗಂಗಾವತಿ ಸುತ್ತಿನ ಹಳ್ಳಿಗಳಲ್ಲಿ ರಾತ್ರಿ ರಕ್ತವಾಂತಿಯಾದರೆ ದೊಡ್ಡಾಸ್ಪತ್ರೆ ತಲುಪುವಷ್ಟರಲ್ಲಿ ಹೊತ್ತು ಮೀರಿರಬಹುದು. 'ಸರ್ವರೋಗಕ್ಕೂ ಮೂಲಿಕೆ' ಎಂಬ ನಂಬಿಕೆಯಲ್ಲೂ ಎಚ್ಚರವಿರಲಿ: ಅಮೃತಬಳ್ಳಿ ಸೇವಿಸಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ.

ಶಿಕ್ಷಕರು ಇಂಥ ಒಂದು ಜಾಹೀರಾತನ್ನು ತರಗತಿಗೆ ಒಯ್ಯಲಿ. ಅಲ್ಲಿ ಅಳೆದದ್ದು ಏನು, ಯಾರಲ್ಲಿ, ಎಷ್ಟು ಕಾಲ, ಯಾವುದರೊಡನೆ ಹೋಲಿಸಿ ಎಂದು ವಿದ್ಯಾರ್ಥಿಗಳು ಕೇಳಲಿ. ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವಿಲ್ಲದ ಹೇಳಿಕೆಯನ್ನು ವಿಜ್ಞಾನವೆಂದು ಒಪ್ಪಬೇಕಾಗಿಲ್ಲ.