ನ್ಯಾಸ್ ಪೆಟ್ಟಿಗೆಯೂ ಪಾಠೋದ್ಧಾರವೂ: ಒಂದು ವಿಮರ್ಶೆ

ಓಲೆಗರಿ, ಕಾಗದದ ಹಸ್ತಪ್ರತಿ, ತಾಮ್ರಪಟ, ಶಿಲಾಶಾಸನ ಇವುಗಳ ಛಾಯಾಚಿತ್ರಗಳನ್ನು ತೆಗೆದು ಗಣಕಯಂತ್ರದಲ್ಲಿ ಸಂಗ್ರಹಿಸುವ ಪದ್ಧತಿ ಈಗ ಮಠಗಳಲ್ಲಿಯೂ ಸಂಸ್ಥೆಗಳಲ್ಲಿಯೂ ವಿದ್ವಾಂಸರ ಮನೆಗಳಲ್ಲಿಯೂ ರೂಢವಾಗಿದೆ. ಚಿತ್ರಗಳ ಸಂಖ್ಯೆ ಬೆಳೆದಂತೆ ಅವನ್ನು ನ್ಯಾಸ್ ಎಂದು ಕರೆಯುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ಎರಡು, ನಾಲ್ಕು ಅಥವಾ ಅದಕ್ಕೂ ಹೆಚ್ಚು ಡಿಸ್ಕುಗಳನ್ನು ಒಳಗೊಂಡು, ಜಾಲದ ಮೂಲಕ ಹಲವು ಗಣಕಗಳಿಗೆ ಏಕಕಾಲದಲ್ಲಿ ಒದಗುವ ಸಾಧನವಿದು. ಇದರ ವಿಷಯದಲ್ಲಿ ಎರಡು ಅಭಿಪ್ರಾಯಗಳು ಪ್ರಚಲಿತವಾಗಿವೆ. ಡಿಸ್ಕುಗಳು ನಾಲ್ಕಿರುವುದರಿಂದ ಗ್ರಂಥಕ್ಕೆ ನಾಲ್ಕು ಪ್ರತಿಗಳಿದ್ದಂತೆ ಎಂಬುದು ಮೊದಲನೆಯದು. ಪೆಟ್ಟಿಗೆ ಕೆಟ್ಟರೂ ಬಲ್ಲವರು ಒಳಗಿನದನ್ನು ಇದ್ದ ಹಾಗೆಯೇ ತೆಗೆದುಕೊಡುತ್ತಾರೆ ಎಂಬುದು ಎರಡನೆಯದು. ಈ ಎರಡೂ ಪರೀಕ್ಷೆಗೆ ನಿಲ್ಲತಕ್ಕವಲ್ಲ. ಕೆಟ್ಟ ಪೆಟ್ಟಿಗೆಯಿಂದ ಕಡತಗಳನ್ನು ಎತ್ತುವ ಕಾರ್ಯ ಸ್ವರೂಪತಃ ಗ್ರಂಥಸಂಪಾದನೆಯೇ ಆಗಿದೆ. ಆದುದರಿಂದ ಸಂಪಾದನೆಯ ನಿಯಮಗಳಿಗೆ ಅದು ಒಳಪಡಬೇಕು ಎಂಬುದು ಪ್ರಸ್ತುತ ಲೇಖನದ ಪ್ರತಿಪಾದ್ಯ.

ವಿಚಾರಸೌಕರ್ಯಕ್ಕಾಗಿ ಕೋಲಾರ ಸೀಮೆಯ ಶಾಸನಗಳನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಗಂಗರ ಬಿರುದಿನಲ್ಲಿ ಬರುವ ಕುವಲಾಲಪುರವೇ ಇಂದಿನ ಕೋಲಾರವೆಂಬುದು ವಿದ್ವಾಂಸರಿಗೆ ವಿದಿತವೇ ಇದೆ. ಮಾಲೂರು ತಾಲ್ಲೂಕಿನ ನೊಣಮಂಗಲದಲ್ಲಿ ದೊರೆತ ಮಾಧವವರ್ಮನ ಹಾಗೂ ಅವಿನೀತನ ತಾಮ್ರಪಟಗಳು ಅರ್ಹದಾಯತನಗಳಿಗೆ ಸಂದ ದತ್ತಿಗಳನ್ನು ತಿಳಿಸುವುದರಿಂದ, ಈ ನಾಡಿನ ಜೈನ ಇತಿಹಾಸಕ್ಕೆ ಅವು ಮೂಲಾಧಾರಗಳಾಗಿವೆ. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ೧೦ನೆಯ ಸಂಪುಟದಲ್ಲಿ ಅವು ಮಾಲೂರು ೭೨ ಮತ್ತು ೭೩ ಎಂಬ ಸಂಖ್ಯೆಗಳನ್ನು ಪಡೆದಿವೆ. ಆ ಸಂಪುಟದಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದು ತಾಲ್ಲೂಕು ತಾಲ್ಲೂಕಿಗೂ ಸಂಖ್ಯೆ ಒಂದರಿಂದ ಆರಂಭವಾಗುತ್ತದೆ ಎಂಬ ಅಂಶವನ್ನು ಗಮನದಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವಿದೆ. ಈ ನಾಲ್ಕು ತಾಲ್ಲೂಕುಗಳ ಊರೂರು ತಿರುಗಿ ತೆಗೆದ ಚಿತ್ರಗಳು ನಾಲ್ಕು ಡಿಸ್ಕುಗಳ ಒಂದು ಪೆಟ್ಟಿಗೆಯಲ್ಲಿವೆಯೆಂದು ಭಾವಿಸೋಣ. ಚಿತ್ರ ತೆಗೆದ ಮೇಲೆ ಒಂದು ಕಲ್ಲು ಒಡೆದುಹೋದರೆ, ಅಥವಾ ಕಟ್ಟಡದ ತಳಪಾಯಕ್ಕೆ ಸೇರಿದರೆ, ಆ ಚಿತ್ರವೇ ಉಳಿದ ಸಾಕ್ಷಿ. ಆದುದರಿಂದ ಪೆಟ್ಟಿಗೆ ಕೆಟ್ಟಾಗ ನಷ್ಟವಾಗುವುದು ಕೇವಲ ಶ್ರಮವಲ್ಲ, ಪ್ರಮಾಣ.

ಮೊದಲನೆಯ ಅಭಿಪ್ರಾಯವನ್ನು ಪರಿಶೀಲಿಸೋಣ. ನಾಲ್ಕು ಡಿಸ್ಕುಗಳಿವೆಯೆಂದ ಮಾತ್ರಕ್ಕೆ ಒಂದರಲ್ಲಿ ಕೋಲಾರ, ಇನ್ನೊಂದರಲ್ಲಿ ಮಾಲೂರು ಎಂಬ ವಿಭಾಗವಿಲ್ಲ. ನಾಲ್ಕರಲ್ಲಿಯೂ ಎಲ್ಲವೂ ಇದೆಯೆಂಬುದೂ ಇಲ್ಲ. ಇಂಥ ಡಿಸ್ಕು ಸಮೂಹಕ್ಕೆ ರೇಡ್ ಎಂದು ಹೆಸರು. ಬರ್ಕ್‌ಲಿ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬವರು ೧೯೮೮ರ ಪ್ರಬಂಧದಲ್ಲಿ ಇದರ ಪ್ರಭೇದಗಳನ್ನು ನಿರೂಪಿಸಿದರು. ಅವುಗಳಲ್ಲಿ ಬಹಳ ಬಳಕೆಯಲ್ಲಿರುವ ಐದನೆಯ ಪ್ರಭೇದದಲ್ಲಿ ಪ್ರತಿಯೊಂದು ಚಿತ್ರವನ್ನೂ ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿ, ಮೂರು ತುಂಡುಗಳನ್ನು ಮೂರು ಡಿಸ್ಕುಗಳಲ್ಲಿ ಹಾಕಿ, ನಾಲ್ಕನೆಯದರಲ್ಲಿ ಆ ಮೂರರ ಸಮಲೆಕ್ಕವನ್ನು ಬರೆಯುತ್ತಾರೆ. ಲೆಕ್ಕವನ್ನು ಬರೆಯುವ ಸರದಿ ಸಾಲಿನಿಂದ ಸಾಲಿಗೆ ಡಿಸ್ಕನ್ನು ಬದಲಿಸುತ್ತ ಹೋಗುತ್ತದೆ. ಗಣಕದ ಅಕ್ಷರಗಳು ೦ ಮತ್ತು ೧ ಎಂಬ ಎರಡೇ. ಮೂರು ಡಿಸ್ಕುಗಳಲ್ಲಿ ೧, ೦, ೧ ಎಂದಿದ್ದರೆ, ಒಂದುಗಳ ಒಟ್ಟು ಸಮಸಂಖ್ಯೆಯಾಗುವಂತೆ ನಾಲ್ಕನೆಯದರಲ್ಲಿ ೦ ಬರೆಯುತ್ತದೆ. ಮೂರನೆಯ ಡಿಸ್ಕು ನಷ್ಟವಾದರೆ ಉಳಿದದ್ದು ೧, ೦, ೦. ಒಟ್ಟು ಸಮವಾಗಬೇಕಾದರೆ ಕಳೆದುಹೋದದ್ದು ೧ ಆಗಿರಲೇಬೇಕು.

ಇದು ಸಂಪಾದಕನ ಊಹಾಪಾಠದಂತಲ್ಲ. ಗಣಿತದಿಂದ ಬಂದ ನಿಶ್ಚಿತ ಪಾಠ. ಈ ಗುಣವನ್ನು ಒಪ್ಪಿಕೊಳ್ಳಲೇಬೇಕು. ಆದರೆ ಎರಡು ಡಿಸ್ಕುಗಳು ಹೋದರೆ ಒಂದು ಸಮೀಕರಣಕ್ಕೆ ಎರಡು ಅಜ್ಞಾತಗಳಾಗಿ, ಉಳಿದೆರಡು ಡಿಸ್ಕುಗಳು ಸುಸ್ಥಿತಿಯಲ್ಲಿದ್ದರೂ ಪ್ರಯೋಜನವಿಲ್ಲ. ನಾಲ್ಕು ಓಲೆಗಳಲ್ಲಿ ಎರಡು ಹೋದರೆ ಅರ್ಧ ಗ್ರಂಥವಾದರೂ ಉಳಿಯುತ್ತದೆ. ಇಲ್ಲಿ ಉಳಿಯುವುದು ಪ್ರತಿ ಚಿತ್ರದ ಚೂರುಗಳು ಮಾತ್ರ. ಹೀಗಾಗಿ ಸಮಲೆಕ್ಕವು ಒಂದೇ ಪ್ರತಿಯ ಒಳಗಿನ ಜೋಡಣೆಯೇ ಹೊರತು ಎರಡನೆಯ ಪ್ರತಿಯಲ್ಲ. ಒಂದು ಡಿಸ್ಕಿನಲ್ಲಿದ್ದುದನ್ನೇ ಮತ್ತೊಂದರಲ್ಲಿಯೂ ಬರೆಯುವ ದರ್ಪಣಪದ್ಧತಿಗೂ ಈ ಆಕ್ಷೇಪ ಸಲ್ಲುತ್ತದೆ: ಯಾರಾದರೂ ಒಂದು ಕಡತವನ್ನು ಅಳಿಸಿದರೆ ಅದು ಎರಡೂ ಕಡೆ ಅದೇ ಕ್ಷಣದಲ್ಲಿ ಅಳಿಯುತ್ತದೆ.

ಪ್ರತಿಗಳ ಸಂಖ್ಯೆ ಬೇರೆ, ಸಾಕ್ಷಿಗಳ ಸ್ವಾತಂತ್ರ್ಯ ಬೇರೆ ಎಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಮೂಡಬಿದಿರೆಯ ತಾಡಪತ್ರಗಳಿಂದ ಸಿದ್ಧಾಂತಗ್ರಂಥಗಳ ಪ್ರತಿಲೇಖನ ೧೮೯೬ರಲ್ಲಿ ಆರಂಭವಾಯಿತು. ಮುಂದೆ ಧವಲೆಯ ಪ್ರತಿ ಸಹಾರನಪುರಕ್ಕೆ ಹೋಗಿ, ಅಲ್ಲಿಂದ ಪ್ರತಿಗೆ ಪ್ರತಿಯಾಗಿ ಹಲವು ಊರುಗಳಿಗೆ ಹರಡಿತು. ೧೯೩೯ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಪ್ರಥಮ ಸಂಪುಟ ಹೊರಬಂದಾಗ, ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಉಪಯೋಗಿಸಿದ ಪ್ರತಿಗಳಲ್ಲಿ ಇರಲಿಲ್ಲ. ಸಂಪಾದಕರು ಅದನ್ನು ಮೂಲದೊಳಗೆ ಸೇರಿಸದೆ, ಇಲ್ಲಿ ಈ ಪದವಿರಬೇಕೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಅನಂತರ ಮೂಡಬಿದಿರೆಯ ತಾಡಪತ್ರವನ್ನು ನೋಡಿದಾಗ ಆ ಪದ ಅಲ್ಲಿ ದೊರೆಯಿತು. ಆ ಪದದಿಂದೆದ್ದ ಸೈದ್ಧಾಂತಿಕ ಚರ್ಚೆ ಇಲ್ಲಿ ಪ್ರಕೃತವಲ್ಲ. ಗ್ರಾಹ್ಯವಾದ ಅಂಶಗಳು ಎರಡು: ಒಂದೇ ಮೂಲದಿಂದ ಇಳಿದ ಪ್ರತಿಗಳು ಎಷ್ಟಿದ್ದರೂ ಒಂದೇ ಲೋಪವನ್ನು ಹೊತ್ತಿರುತ್ತವೆ, ಸಂದೇಹವನ್ನು ಕಳೆದದ್ದು ಬೇರೊಂದು ಸ್ಥಳದಲ್ಲಿ ಸುರಕ್ಷಿತವಾಗಿದ್ದ ಮೂಲ.

ಇನ್ನು ಎರಡನೆಯ ಅಭಿಪ್ರಾಯ. ಪೆಟ್ಟಿಗೆ ಕೆಟ್ಟಿತೆಂಬ ಮಾತಿಗೆ ಹಲವು ಅರ್ಥಗಳಿವೆ. ವಿದ್ಯುತ್ ಒದಗಿಸುವ ಭಾಗ ಅಥವಾ ಒಳಗಿನ ಫಲಕ ಮಾತ್ರ ಕೆಟ್ಟಿದ್ದರೆ ಡಿಸ್ಕುಗಳು ನಿರ್ಬಾಧವಾಗಿರುತ್ತವೆ. ಕಟ್ಟಿನ ಹಲಗೆ ಮುರಿದರೂ ಓಲೆ ಉಳಿದಂತೆ. ಇಂಥ ಪೆಟ್ಟಿಗೆಗಳಲ್ಲಿ ಬಹುಪಾಲು ಲಿನಕ್ಸ್ ವ್ಯವಸ್ಥೆಯನ್ನು ಬಳಸುವುದರಿಂದ, ಅದೇ ವ್ಯವಸ್ಥೆಯಿರುವ ಗಣಕಕ್ಕೆ ಆ ಡಿಸ್ಕುಗಳನ್ನು ಜೋಡಿಸಿ ಓದಲು ಸಾಧ್ಯವಾಗುತ್ತದೆ. ಡಿಸ್ಕೇ ಟಕಟಕ ಸದ್ದು ಮಾಡುತ್ತಿದ್ದರೆ ಅದಕ್ಕೆ ಮತ್ತೆ ವಿದ್ಯುತ್ ಕೊಡದೆ, ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಬಲ್ಲ ತಜ್ಞರಿಗೆ ಒಪ್ಪಿಸಬೇಕು. ಈ ವಿವೇಚನೆಯಿಲ್ಲದೆ, ಪೆಟ್ಟಿಗೆಯ ಪರದೆ ತೋರಿಸುವ ಪುನರ್ನಿರ್ಮಾಣ ಅಥವಾ ಪ್ರಾರಂಭಿಕ ಸಿದ್ಧತೆ ಎಂಬ ಗುಂಡಿಯನ್ನು ಒತ್ತುವುದೇ ಅನರ್ಥಗಳ ಮೂಲ. ಅದು ಮೂಲಪ್ರತಿಯ ಮೇಲೆಯೇ ತಿದ್ದುಪಡಿ ಬರೆದಂತೆ. ಪುನರ್ನಿರ್ಮಾಣದಲ್ಲಿ ಉಳಿದ ಡಿಸ್ಕುಗಳನ್ನೆಲ್ಲ ಆದ್ಯಂತವಾಗಿ ಓದಬೇಕಾಗುತ್ತದೆ. ೪ ಟೆರಾಬೈಟಿನ ಮೂರು ಡಿಸ್ಕುಗಳಾದರೆ ಒಟ್ಟು ೧೨ ಟೆರಾಬೈಟು. ಸಾಮಾನ್ಯ ಡಿಸ್ಕುಗಳಿಗೆ ತಯಾರಕರು ಹೇಳುವ ಮಿತಿ, ೧ರ ಮುಂದೆ ೧೪ ಸೊನ್ನೆಗಳಷ್ಟು ಬಿಟ್ಟುಗಳನ್ನು, ಎಂದರೆ ಸುಮಾರು ೧೨.೫ ಟೆರಾಬೈಟನ್ನು ಓದುವಾಗ ಓದಲಾಗದ ಒಂದು ಸ್ಥಾನ. ವಾಸ್ತವದಲ್ಲಿ ಡಿಸ್ಕುಗಳು ಇದಕ್ಕಿಂತ ಉತ್ತಮವಾಗಿ ನಡೆಯುವುದುಂಟು; ಆದರೂ ಒಂದೇ ದಿನ ಕೊಂಡು ಒಂದೇ ಪೆಟ್ಟಿಗೆಯಲ್ಲಿ ಒಟ್ಟಿಗೆ ಸವೆದ ಡಿಸ್ಕುಗಳ ಮೇಲೆ ಈ ಭಾರವನ್ನು ಹೊರಿಸುವುದು ಯುಕ್ತವಲ್ಲ.

ಯುಕ್ತವಾದ ಕ್ರಮ ಸಂಪಾದನಶಾಸ್ತ್ರದಲ್ಲಿಯೇ ಇದೆ. ಡಿಸ್ಕುಗಳನ್ನು ಹೊರತೆಗೆಯುವ ಮುನ್ನ ಯಾವ ಮನೆಯಲ್ಲಿ ಯಾವುದಿತ್ತೆಂದು ಪತ್ರಸಂಖ್ಯೆಯಂತೆ ಗುರುತು ಹಾಕಬೇಕು. ಅನಂತರ ಪ್ರತಿಯೊಂದು ಡಿಸ್ಕನ್ನೂ ಸಮಗ್ರವಾಗಿ ಬೇರೊಂದು ಡಿಸ್ಕಿಗೆ ಪ್ರತಿ ಮಾಡಬೇಕು. ಡಿಡಿರೆಸ್ಕ್ಯೂ ಎಂಬ ಸಾಧನ ಸುಲಭವಾಗಿ ಓದಲಾಗುವ ಭಾಗವನ್ನು ಮೊದಲು ಎತ್ತಿ, ಕಷ್ಟದ ಭಾಗಕ್ಕೆ ಆಮೇಲೆ ಮರಳಿ, ಓದಲಾಗದ ಸ್ಥಾನಗಳ ಪಟ್ಟಿಯನ್ನು ಇಡುತ್ತದೆ. ಆ ಪಟ್ಟಿ ನಮ್ಮ ತ್ರುಟಿತಸೂಚಿಯೇ. ಸುಸ್ಥಿತಿಯ ೪ ಟೆರಾಬೈಟಿನ ಡಿಸ್ಕಿಗೆ ಏಳೆಂಟು ಗಂಟೆಗಳು ಹಿಡಿದರೆ, ಜೀರ್ಣವಾದುದಕ್ಕೆ ದಿನಗಳೇ ಬೇಕಾಗಬಹುದು. ಮುಂದಿನ ಕಾರ್ಯವೆಲ್ಲ ಈ ಪ್ರತಿಗಳ ಮೇಲೆ, ಓದುವುದಕ್ಕೆ ಮಾತ್ರ ಅವಕಾಶವಿಟ್ಟು, ನಡೆಯಬೇಕು. ಮೂಲ ಡಿಸ್ಕುಗಳನ್ನು ಕಟ್ಟಿಡಬೇಕು.

ಡಿಸ್ಕಿನ ಒಂದು ಸ್ಥಾನದಲ್ಲಿ ಅದರ ಪುಷ್ಪಿಕೆಯಿದೆ. ಸಮೂಹದಲ್ಲಿ ತಾನು ಎಷ್ಟನೆಯವನು, ತುಂಡಿನ ಅಳತೆಯೆಷ್ಟು, ಕೊನೆಯ ಬದಲಾವಣೆಯ ಕ್ರಮಸಂಖ್ಯೆ ಯಾವುದು ಎಂಬುದು ಅಲ್ಲಿ ಬರೆದಿರುತ್ತದೆ. ಈ ಕ್ರಮಸಂಖ್ಯೆಯನ್ನು ಉಪೇಕ್ಷಿಸುವುದು ಗುರುತರವಾದ ದೋಷ. ನಾಲ್ಕರಲ್ಲಿ ಒಂದು ಡಿಸ್ಕು ಆರು ತಿಂಗಳ ಹಿಂದೆಯೇ ಸಮೂಹದಿಂದ ಕಳಚಿಕೊಂಡಿದ್ದು, ಯಾರೂ ಗಮನಿಸದೆ ಉಳಿದ ಮೂರರ ಮೇಲೆ ಪೆಟ್ಟಿಗೆ ನಡೆದಿತ್ತೆನ್ನೋಣ. ಈಗ ಇನ್ನೊಂದು ಹೋದಾಗ, ಆ ಹಳೆಯ ಡಿಸ್ಕನ್ನು ಸೇರಿಸಿ ಲೆಕ್ಕ ಹಾಕಿದರೆ, ಆರು ತಿಂಗಳ ಹಿಂದಿನ ಪಾಠವೂ ಇಂದಿನ ಪಾಠವೂ ಬೆರೆತ ಸಂಕರಪ್ರತಿ ಹುಟ್ಟುತ್ತದೆ. ಹಳೆಯ ಕಡತಗಳು ಸರಿಯಾಗಿಯೇ ತೆರೆಯುತ್ತವೆ. ಹೊಸವು ಒಳಗೊಳಗೇ ಕೆಟ್ಟಿರುತ್ತವೆ. ಮೊದಲಿನದನ್ನು ನೋಡಿ ಎಲ್ಲವೂ ದೊರೆಯಿತೆಂದು ಘೋಷಿಸುವುದು ಸಾಧುವಲ್ಲ. ಪುಷ್ಪಿಕೆಯೇ ನಷ್ಟವಾಗಿದ್ದರೆ ನಾಲ್ಕು ಡಿಸ್ಕುಗಳಿಗೆ ೨೪ ಕ್ರಮಗಳು ಸಾಧ್ಯ, ಪರೀಕ್ಷಿಸಿಯೇ ನಿರ್ಣಯಿಸಬೇಕು. ಆ ಪರೀಕ್ಷೆಯನ್ನು ದೊಡ್ಡ ಚಿತ್ರಗಳ ಮೇಲೆ ಮಾಡಬೇಕು. ಒಂದೇ ತುಂಡಿನೊಳಗೆ ಅಡಗುವ ಚಿಕ್ಕ ಕಡತ ಕ್ರಮ ತಪ್ಪಿದ್ದರೂ ತೆರೆಯಬಹುದು. ಹಲವು ತುಂಡುಗಳ ಚಿತ್ರ ಮಾತ್ರ ಅಡ್ಡಡ್ಡ ಸೀಳಿಕೊಂಡು ತಪ್ಪನ್ನು ತೋರಿಸುತ್ತದೆ.

ಕಡತಗಳ ಹೆಸರಿನ ಸೂಚಿಯೇ ಹಾಳಾಗಿದ್ದರೆ ಕೊನೆಯ ಉಪಾಯವೊಂದಿದೆ. ಫೋಟೋರೆಕ್ ಮೊದಲಾದ ಸಾಧನಗಳು ಚಿತ್ರದ ಆದಿಚಿಹ್ನೆಯನ್ನು ಹುಡುಕಿ ಚಿತ್ರವನ್ನು ಎತ್ತುತ್ತವೆ. ಆದರೆ ಹೆಸರು ಬರುವುದಿಲ್ಲ, ಬರಿಯ ಅಂಕೆ ಬರುತ್ತದೆ. ದಾರ ಹರಿದು ಚೆಲ್ಲಿದ, ಪತ್ರಸಂಖ್ಯೆಯಿಲ್ಲದ ಓಲೆಗಳ ಸ್ಥಿತಿಯೇ ಇದು. ಮೇಲೆ ಹೇಳಿದ ತಾಲ್ಲೂಕುವಾರು ಸಂಖ್ಯೆ ಇಲ್ಲಿ ಪ್ರಕೃತವಾಗುತ್ತದೆ. ಚಿತ್ರದ ಅಂಚಿನಲ್ಲಿ ೭೨ ಎಂದು ಚೀಟಿ ಕಂಡರೂ ಅದು ಮಾಲೂರಿನದೋ ಮುಳಬಾಗಿಲಿನದೋ ತಿಳಿಯದು. ಆಗ ಕಲ್ಲಿನ ಅಕ್ಷರಗಳನ್ನೇ ಓದಿ, ೧೯೦೫ರ ಸಂಪುಟದ ಪಾಠದೊಡನೆ ಹೋಲಿಸಿ, ಊರನ್ನು ನಿರ್ಣಯಿಸಬೇಕು. ಯಂತ್ರಕ್ಕೆ ಸಾಧ್ಯವಾಗದ ಈ ನಿರ್ಣಯಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಅಚ್ಚಿನ ಪುಸ್ತಕ ನೆರವಾಗುತ್ತದೆ. ಆ ಸಂಪುಟದಲ್ಲಿಲ್ಲದ ಹೊಸ ಶಾಸನವಾದರೆ ಅದರ ಸ್ಥಳ ಅನಿಶ್ಚಿತವಾಗಿಯೇ ಉಳಿಯುವ ಭಯವಿದೆ. ಸ್ಥಳ ತಿಳಿಯದ ಶಾಸನ ಇತಿಹಾಸಕ್ಕೆ ಅರ್ಧ ಸಾಕ್ಷಿ.

ನ್ಯಾಸ್ ಎಂಬುದು ಇಂಗ್ಲಿಷಿನ ಮೂರು ಪದಗಳ ಆದ್ಯಕ್ಷರಗಳಿಂದಾದ ಹೆಸರು. ಇಡುಗಂಟು ಎಂಬರ್ಥದ ನಮ್ಮ ನ್ಯಾಸಶಬ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಶಬ್ದಸಾಮ್ಯದಿಂದ ಒಂದು ವಿಚಾರ ಸ್ಫುರಿಸುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೂ ಕೂಟಲೇಖಕ್ರಿಯೆಯೂ ಸೇರಿವೆ. ಇಟ್ಟವನು ಸಂಖ್ಯೆಯನ್ನು ಮರೆತು ಕಡಿಮೆ ಕೇಳಿದಾಗ, ಹಾಗೆಯೇ ಆಗಲೆಂದು ಒಪ್ಪಿ ಅಷ್ಟನ್ನೇ ಕೊಡುವುದು ನ್ಯಾಸಾಪಹಾರವೆಂದು ಪೂಜ್ಯಪಾದರ ವ್ಯಾಖ್ಯಾನದ ತಾತ್ಪರ್ಯ. ಇಟ್ಟ ಕಡತಗಳ ಪಟ್ಟಿಯಿಲ್ಲದ ಸಂಸ್ಥೆ ತಾನು ಎಷ್ಟು ಇಟ್ಟಿದ್ದೆನೆಂದು ಮರೆತ ಆ ಧನಿಕನಂತೆ. ಉದ್ಧಾರದಲ್ಲಿ ದೊರೆತಷ್ಟನ್ನೇ ಪೂರ್ಣವೆಂದು ಸ್ವೀಕರಿಸುತ್ತದೆ. ಆದುದರಿಂದ ಪ್ರತಿ ಕಡತದ ಹೆಸರು, ಊರು, ಅಳತೆ ಇವುಗಳೊಡನೆ ಅದರ ಮುದ್ರಾಸಂಖ್ಯೆಯನ್ನೂ ಬರೆದಿಟ್ಟ ಸೂಚಿ ಅವಶ್ಯಕ. ಕಡತದಲ್ಲಿ ಒಂದು ಬಿಟ್ಟು ಬದಲಾದರೂ ಮುದ್ರಾಸಂಖ್ಯೆ ಬೇರೆಯಾಗುವುದರಿಂದ, ಉದ್ಧರಿಸಿದ್ದು ಇಟ್ಟದ್ದೇ ಹೌದೇ ಎಂಬುದು ನಿಸ್ಸಂದಿಗ್ಧವಾಗಿ ತಿಳಿಯುತ್ತದೆ. ಸೂಚಿಯನ್ನು ಕಾಗದದಲ್ಲಿ ಅಚ್ಚುಮಾಡಿ ಪೆಟ್ಟಿಗೆಯಿಂದ ದೂರದಲ್ಲಿಡಬೇಕು. ಹಾಗೆಯೇ ಊಹೆಯಿಂದ ಹೆಸರಿಟ್ಟ ಚಿತ್ರವನ್ನು, ಭಾಗಶಃ ದೊರೆತ ಚಿತ್ರವನ್ನು ಚಿಹ್ನೆಯಿಲ್ಲದೆ ಪೂರ್ಣಪ್ರಮಾಣವೆಂದು ಪ್ರಕಟಿಸುವುದು, ಉದ್ದೇಶ ಎಷ್ಟೇ ಶುದ್ಧವಾಗಿದ್ದರೂ, ಕೂಟಲೇಖದ ಸಮೀಪಕ್ಕೆ ಹೋಗುತ್ತದೆ. ಸಂಪಾದಿತ ಗ್ರಂಥದಲ್ಲಿ ಆವರಣಚಿಹ್ನೆಗೆ ಇರುವ ಸ್ಥಾನ ಇಲ್ಲಿಯೂ ಇರಬೇಕು.

ಇಷ್ಟೆಲ್ಲ ಮಾಡಿದರೂ ಉದ್ಧಾರವು ಆಪದ್ಧರ್ಮವೇ ಸರಿ. ದಕ್ಷಿಣ ಕೊರಿಯದ ದೇಜನ್ ನಗರದ ಸರಕಾರಿ ದತ್ತಾಂಶ ಕೇಂದ್ರಕ್ಕೆ ೨೦೨೫ರ ಸೆಪ್ಟೆಂಬರಿನಲ್ಲಿ ಬೆಂಕಿ ಬಿದ್ದು, ನೌಕರರ ಕಡತಗಳಿದ್ದ ೮೫೮ ಟೆರಾಬೈಟಿನ ಭಂಡಾರ ನಷ್ಟವಾಯಿತು. ಅದಕ್ಕೆ ಬೇರೊಂದು ಸ್ಥಳದಲ್ಲಿ ಪ್ರತಿಯಿರಲಿಲ್ಲ. ಒಂದು ರಾಷ್ಟ್ರದ ಸಂಪತ್ತಿಗೂ ಈ ಗತಿ ಬಂದಿರುವಾಗ ನಮ್ಮ ಚಿಕ್ಕ ಪೆಟ್ಟಿಗೆಗಳ ಮಾತೇನು? ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವು ದಾನದ ದೃಷ್ಟಿಯಿಂದ ಕೊಂಡಾಡುತ್ತೇವೆ. ರಕ್ಷಣೆಯ ದೃಷ್ಟಿಯಿಂದಲೂ ಅದನ್ನು ನೋಡಬೇಕು. ಸಾವಿರವನ್ನೂ ಒಂದೇ ಭಂಡಾರದಲ್ಲಿ ಪೇರಿಸಿದ್ದರೆ ಒಂದು ಕಿಡಿ ಸಾಕಾಗುತ್ತಿತ್ತು. ಕೋಲಾರದಲ್ಲಿ ಒಂದು, ಶ್ರವಣಬೆಳಗೊಳದಲ್ಲಿ ಒಂದು, ಮೂಡಬಿದಿರೆಯಲ್ಲಿ ಒಂದು ಎಂಬಂತೆ ಬೇರೆ ಬೇರೆ ಸ್ಥಳಗಳಲ್ಲಿ, ಬೇರೆ ಬೇರೆಯವರ ವಶದಲ್ಲಿ ಪ್ರತಿಗಳಿದ್ದು, ವರ್ಷಕ್ಕೊಮ್ಮೆ, ಶ್ರುತಪಂಚಮಿಯಂದು ಓಲೆಗಳನ್ನು ಬಿಚ್ಚಿ ನೋಡುವಂತೆ, ಅವನ್ನು ತೆರೆದು ಸೂಚಿಯೊಡನೆ ಹೋಲಿಸುವ ನಿಯಮವಿದ್ದರೆ, ಪೆಟ್ಟಿಗೆ ಕೆಟ್ಟಾಗ ಉದ್ಧಾರದ ಅಗತ್ಯವೇ ಬಹುಮಟ್ಟಿಗೆ ತಪ್ಪುತ್ತದೆ. ನಾಲ್ಕು ಡಿಸ್ಕುಗಳ ಪೆಟ್ಟಿಗೆ ಒಂದು ಪ್ರತಿ, ಒಂದೇ ಪ್ರತಿ. ಹಸ್ತಪ್ರತಿ ಭಂಡಾರಗಳ ವ್ಯವಸ್ಥಾಪಕರು ಈ ಗಣನೆಯನ್ನು ಅಂಗೀಕರಿಸಿ ತಮ್ಮ ಸೂಚಿಗಳಲ್ಲಿ ಹಾಗೆಯೇ ನಮೂದಿಸಬೇಕೆಂದು ವಿನಂತಿ.