ಅರಮನೆ ಒಲ್ಲದ ಚಿತ್ರ

ಆಮ್‌ಸ್ಟರ್‌ಡ್ಯಾಮಿನ ಡಾಮ್ ಚೌಕದಲ್ಲಿರುವ ಡಚ್ ಅರಮನೆ ಹುಟ್ಟಿದ್ದು ಅರಮನೆಯಾಗಿ ಅಲ್ಲ. ಅದು ಗಣರಾಜ್ಯವೊಂದರ ವರ್ತಕರು ತಮ್ಮ ಊರಿಗೆ ಕಟ್ಟಿಸಿಕೊಂಡ ಪುರಭವನ. ಸ್ಪೇನಿನೊಂದಿಗಿನ ಎಂಬತ್ತು ವರ್ಷಗಳ ಯುದ್ಧ ಮುಗಿದ 1648ರಲ್ಲೇ ಅಡಿಗಲ್ಲು ಬಿತ್ತು. ಜೌಗು ನೆಲದಲ್ಲಿ 13,659 ಮರದ ಕಂಬಗಳನ್ನು ಹೂತು, ಯಾಕೋಬ್ ಫಾನ್ ಕಾಂಪೆನ್‌ನ ವಿನ್ಯಾಸದಂತೆ ಎದ್ದ ಕಟ್ಟಡ 1655ರಲ್ಲಿ ಉದ್ಘಾಟನೆಗೊಂಡಿತು. ಅದನ್ನು ಅರಮನೆಯಾಗಿಸಿದ್ದು 1808ರಲ್ಲಿ, ನೆಪೋಲಿಯನ್‌ನ ತಮ್ಮ ಲೂಯಿ. ಚೌಕಕ್ಕೆ ಮುಖಮಾಡಿದ ಬಾಲ್ಕನಿ ಸೇರಿಕೊಂಡಿದ್ದೂ ಆಗಲೇ.

ಈ ಕಟ್ಟಡವನ್ನು ಒಂದು ಪಠ್ಯವೆಂದು ಓದಿದರೆ, ಅದು ಬಹಳ ಮಾತಾಡುವ ಪಠ್ಯ. ಹಿಂಬದಿಯ ಮೇಲ್ತುದಿಯಲ್ಲಿ ನಾಲ್ಕು ಖಂಡಗಳು ಆಮ್‌ಸ್ಟರ್‌ಡ್ಯಾಮ್ ಎಂಬ ಹೆಣ್ಣಿಗೆ ಕಾಣಿಕೆ ತರುತ್ತಿವೆ. ನಡುವಿನ ಸಭಾಂಗಣದ ನೆಲದಲ್ಲಿ ಭೂಮಿಯ ಎರಡು ಗೋಲಾರ್ಧಗಳ ನಕಾಶೆಯಿದೆ. ನಾಗರಿಕರು ಅಕ್ಷರಶಃ ಲೋಕದ ಮೇಲೆ ನಡೆಯುತ್ತಿದ್ದರು. ದಿವಾಳಿಯಾದವರ ಲೆಕ್ಕ ನೋಡುವ ಕೋಣೆಯ ಬಾಗಿಲ ಮೇಲೆ ಆಕಾಶದಿಂದ ಬೀಳುತ್ತಿರುವ ಇಕಾರಸ್, ಜೊತೆಗೆ ಇಲಿಗಳು, ತೀರಿಸದ ಬಿಲ್ಲುಗಳು. ಸೋತವನಿಗೆ ಗೋಡೆಯೇ ಬುದ್ಧಿ ಹೇಳುತ್ತದೆ.

1656ರಲ್ಲಿ ರೆಂಬ್ರಾಂಟ್‌ನ ಆಸ್ತಿಯ ಲೆಕ್ಕ ಹೋದದ್ದು ಈ ಇಲಾಖೆಯ ಕೈಗೇ. ಕೆಲವು ವರ್ಷಗಳ ನಂತರ, ಮಹಡಿಯ ಚಿತ್ರಗಳ ಗುತ್ತಿಗೆ ಪಡೆದಿದ್ದ ಅವನ ಹಳೆಯ ಶಿಷ್ಯ ಗೋವರ್ಟ್ ಫ್ಲಿಂಕ್ ತೀರಿಕೊಂಡಾಗ, ಒಂದು ಚಿತ್ರದ ಕೆಲಸ ರೆಂಬ್ರಾಂಟ್‌ಗೆ ಬಂತು. ವಸ್ತು, ಕ್ರಿ.ಶ. 69ರಲ್ಲಿ ರೋಮನ್ನರ ವಿರುದ್ಧ ದಂಗೆಯೆದ್ದ ಬಟಾವಿಯನ್ ನಾಯಕ ಕ್ಲಾಡಿಯಸ್ ಸಿವಿಲಿಸ್. ಡಚ್ಚರು ಅವನನ್ನು ತಮ್ಮ ಪೂರ್ವಜನೆಂದು ಭಾವಿಸಿದ್ದರು. ಅವನಿಗೆ ಒಂದು ಕಣ್ಣಿರಲಿಲ್ಲ. ಬೇರೆ ಕಲಾವಿದರು ಅವನನ್ನು ಪಕ್ಕದಿಂದ ತೋರಿಸಿ ಆ ಊನವನ್ನು ಮುಚ್ಚುತ್ತಿದ್ದರು. ರೆಂಬ್ರಾಂಟ್ ನೇರಾನೇರ ನಮ್ಮೆದುರು ಕೂರಿಸಿದ. 1662ರಲ್ಲಿ ಗೋಡೆಗೇರಿದ ಚಿತ್ರ ಬೇಗನೆ ಕೆಳಗಿಳಿಯಿತು. ಆ ಜಾಗಕ್ಕೆ ಫ್ಲಿಂಕ್‌ನ ಅರೆಬರೆ ಕರಡನ್ನು ಇನ್ನೊಬ್ಬ ಕಲಾವಿದನಿಂದ ತರಾತುರಿಯಲ್ಲಿ ಪೂರ್ತಿ ಮಾಡಿಸಿದರು. ಸುಮಾರು ಐದೂವರೆ ಮೀಟರ್ ಎತ್ತರ, ಅಷ್ಟೇ ಅಗಲವಿದ್ದ ರೆಂಬ್ರಾಂಟ್‌ನ ಚಿತ್ರವನ್ನು ಕತ್ತರಿಸಲಾಯಿತು. ಉಳಿದ ತುಂಡು ಈಗ ಸ್ಟಾಕ್‌ಹೋಮಿನಲ್ಲಿದೆ.

ಪ್ರತಿಭೆಯನ್ನು ಅರಿಯದ ವ್ಯಾಪಾರಿಗಳ ಕತೆಯೆಂದು ಇದನ್ನು ಹೇಳಿ ಮುಗಿಸುವುದು ಸುಲಭ. ಆದರೆ ಅದೇ ಕಟ್ಟಡದ ನೆಲಮಹಡಿ ಬೇರೆಯೇ ಓದನ್ನು ಕೇಳುತ್ತದೆ. ಮರಣದಂಡನೆ ಘೋಷಿಸುವ ನ್ಯಾಯಸ್ಥಾನದಲ್ಲಿ ಶಿಲ್ಪಿ ಕ್ವೆಲಿನಸ್ ಕಡೆದ ಝಾಲ್ಯೂಕಸ್‌ನ ಕತೆಯಿದೆ. ಕಾನೂನಿನ ಪ್ರಕಾರ ಮಗನ ಎರಡೂ ಕಣ್ಣು ಕೀಳಬೇಕಾಗಿ ಬಂದಾಗ, ಮಗನದೊಂದು, ತನ್ನದೊಂದು ಎಂದು ಹಂಚಿಕೊಂಡ ಶಾಸನಕರ್ತ ಅವನು. ಅಂದರೆ ಕಣ್ಣು ಕಳೆದುಕೊಳ್ಳುವ ನಾಯಕ ಈ ಮನೆಗೆ ಅಸಹ್ಯವಾಗಿರಲಿಲ್ಲ. ಕೆಳಗೆ ಅಮೃತಶಿಲೆಯಲ್ಲಿ ಒಪ್ಪಿಗೆಯಾದದ್ದು ಮೇಲೆ ಬಣ್ಣದಲ್ಲಿ ಒಪ್ಪಿಗೆಯಾಗಲಿಲ್ಲ ಏಕೆ? ದಾಖಲೆಗಳು ಕಾರಣ ಹೇಳುವುದಿಲ್ಲ. ಚಿತ್ರ ಹೇಳುತ್ತದೆ ಎಂಬುದು ನನ್ನ ಓದು. ಝಾಲ್ಯೂಕಸ್‌ನ ಕಣ್ಣು ನೀತಿಪಾಠ. ಸಿವಿಲಿಸ್‌ನ ಕುರುಡುಗಣ್ಣು ಬರೀ ಗಾಯ. ಕತ್ತಿಗಳ ಮೇಲೆ ಆಣೆಯಿಡುವ ಆ ಗುಂಪಿನಲ್ಲಿ ನಾಡು ಕಟ್ಟುವ ಹಿರಿಯರಿಗಿಂತ ಪಿತೂರಿಗಾರರೇ ಹೆಚ್ಚು ಕಾಣುತ್ತಾರೆ. ನಗರಕ್ಕೆ ಬೇಕಿದ್ದದ್ದು ಸಜ್ಜನ ಪೂರ್ವಜರು. ಸಿಕ್ಕಿದ್ದು ತನ್ನ ಬುಡದಲ್ಲಿರುವ ಹಿಂಸೆಯ ಮುಖ.

ಆ ಹಿಂಸೆ ಬರೀ ಪುರಾತನದ್ದಲ್ಲ. 1683ರಲ್ಲಿ ಇದೇ ನಗರ ಸುರಿನಾಮ್ ವಸಾಹತನ್ನು ನಡೆಸುವ ಸಂಸ್ಥೆಯಲ್ಲಿ ಮೂರನೇ ಒಂದು ಪಾಲು ಪಡೆಯಿತು. ಗುಲಾಮರ ದುಡಿಮೆಯಿಂದ ನಡೆದ ವಸಾಹತು ಅದು. ಮೇಯರ್ ಕ್ಷಮೆ ಕೇಳಿದ್ದು 2021ರಲ್ಲಿ, ದೊರೆ ವಿಲೆಮ್ ಅಲೆಕ್ಸಾಂಡರ್ ಕೇಳಿದ್ದು 2023ರಲ್ಲಿ. ಅಂದಿನವರನ್ನು ಇಂದಿನ ನೀತಿಯಿಂದ ಅಳೆಯಬಾರದು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಆಳುವವನೂ ಕಾನೂನಿನ ನೋವು ಉಣ್ಣಬೇಕೆಂದು ಕಲ್ಲಿನಲ್ಲಿ ಕೆತ್ತಿಸಿದ್ದು ಅವರೇ. ಅಳತೆಗೋಲು ಅವರದೇ.

ಹಾಗೆಂದು ಕಟ್ಟಡದ ಚೆಲುವು ಸುಳ್ಳಾಗುವುದಿಲ್ಲ. ಆದರೆ ಗೋಡೆಯ ಮೇಲಿರುವುದನ್ನಷ್ಟೇ ಓದಿದರೆ ಆಳುವವರು ತಮ್ಮ ಬಗ್ಗೆ ಹೇಳಿಕೊಂಡದ್ದಷ್ಟೇ ಸಿಗುತ್ತದೆ. ಗೋಡೆಯಿಂದ ಇಳಿಸಿದ್ದನ್ನೂ ಸೇರಿಸಿ ಓದಬೇಕು. ಸ್ಟಾಕ್‌ಹೋಮಿನ ಆ ತುಂಡು ಚಿತ್ರವೂ ಈ ಅರಮನೆಯ ಒಂದು ಕೋಣೆಯೇ.