ಆರ್ಕಿಡ್ ಕೊಳೆತ: ಔಷಧಿಗೆ ಮುನ್ನ ಪರೀಕ್ಷೆ

ಕುಂಡದಲ್ಲಿನ ಆರ್ಕಿಡ್ ಕೊಳೆಯತೊಡಗಿದರೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: 'ಕಾರ್ಬೆಂಡಜಿಮ್ ಸಿಂಪಡಿಸಿ'. ಈ ಸಲಹೆಯ ದೋಷವೆಂದರೆ ಅದು ಕೊಳೆತವನ್ನೆಲ್ಲ ಒಂದೇ ರೋಗವೆಂದು ಭಾವಿಸುತ್ತದೆ.

ಎಲೆಯ ಬುಡ ಅಥವಾ ಎಳೆಯ ಚಿಗುರು ಕಪ್ಪಾಗಿ, ಆ ಕಪ್ಪು ಬೇಗನೆ ಹರಡುತ್ತಿದೆಯೆ? ಫೈಟಾಫ್ತೊರ ಇಲ್ಲವೆ ಪಿಥಿಯಮ್ ಇರಬಹುದೆಂದು ಶಂಕಿಸಿ. ಅಡಿಕೆಗೆ ಕೊಳೆರೋಗ ತರುವುದೂ ಫೈಟಾಫ್ತೊರ ಕುಲದ ಜೀವಿಯೇ. ಇವು ನಿಜವಾದ ಶಿಲೀಂಧ್ರಗಳಲ್ಲ. ಇವುಗಳ ಮೇಲೆ ಕಾರ್ಬೆಂಡಜಿಮ್ ಕೆಲಸ ಮಾಡದು. ಮೆಟಲಾಕ್ಸಿಲ್‌ನಂಥ ಔಷಧಿ ಬೇಕು. ಎಲೆ ನೀರು ತುಂಬಿದಂತೆ ಮೆತ್ತಗಾಗಿ ದುರ್ವಾಸನೆ ಬೀರಿದರೆ ಅದು ಬ್ಯಾಕ್ಟೀರಿಯಾದ ಕೆಲಸ. ಅಲ್ಲಿಯೂ ಕಾರ್ಬೆಂಡಜಿಮ್ ವ್ಯರ್ಥ. ಕೊಳೆತ ಭಾಗವನ್ನು ಕತ್ತರಿಸಿ, ಎಲೆಗಳ ಮೇಲೆ ನೀರು ನಿಲ್ಲದಂತೆ ನೋಡಿಕೊಳ್ಳಬೇಕು.

ಇನ್ನು ಬೇರುಕೊಳೆತ. ಎಲೆ ಸುಕ್ಕುಗಟ್ಟಿದ್ದನ್ನು ಕಂಡು ನೀವು ಇನ್ನಷ್ಟು ನೀರು ಹಾಕುತ್ತೀರಿ. ಆದರೆ ಹೀರುವ ಬೇರೇ ಸತ್ತಿದ್ದರೆ? ಗಿಡವನ್ನು ಹೊರತೆಗೆದು ಬೇರನ್ನು ಬೆರಳುಗಳ ನಡುವೆ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಅದಕ್ಕೆ ಜೀವವಿದೆ. ಸಿಪ್ಪೆ ಕಳಚಿ ದಾರದಂಥ ಎಳೆ ಮಾತ್ರ ಕೈಗೆ ಬಂದರೆ ಸತ್ತಿದೆ. ಫೆಲೆನಾಪ್ಸಿಸ್‌ನಂಥ ಆರ್ಕಿಡ್‌ಗಳು ಮರದ ಮೇಲೆ ಗಾಳಿಗೆ ಬೇರು ಚಾಚಿ ಬೆಳೆಯುವಂಥವು. ಹಳೆಯದಾಗಿ ಪುಡಿಯಾದ ತೆಂಗಿನ ಸಿಪ್ಪೆಯಲ್ಲಿ ಅವುಗಳಿಗೆ ಗಾಳಿ ಸಿಗದು. ಈ ಕೊರತೆಯನ್ನು ಯಾವ ಔಷಧಿಯೂ ನೀಗದು. ಜ್ವಾಲೆಯಲ್ಲಿ ಕಾಯಿಸಿ ಆರಿಸಿದ ಬ್ಲೇಡಿನಿಂದ ಸತ್ತ ಬೇರುಗಳನ್ನು ಕತ್ತರಿಸಿ, ಇದ್ದಿಲು ಹಾಗೂ ಇಟ್ಟಿಗೆ ಚೂರುಗಳಲ್ಲಿ ಗಿಡವನ್ನು ಮತ್ತೆ ನೆಡಿ. ಕೆಲವು ದಿನ ನೀರನ್ನು ಮಿತವಾಗಿ ಕೊಡಿ.

ಆದ್ದರಿಂದ ಯಾರಾದರೂ ಔಷಧಿಯ ಹೆಸರು ಹೇಳಿದರೆ, ಮೊದಲು ನೀವು ಕೇಳಬೇಕಾದ ಪ್ರಶ್ನೆ: ಕೊಳೆಯುತ್ತಿರುವುದು ಏನು, ಏಕೆ?